ಗುರುವಾರದ ಕಿರುಬೆರಳು

ಕೋಟ್ಕಾ ಬಂದರಿನಲ್ಲಿ ಕ್ರೇನು ನಡೆಸುವ ಇಲ್ಪೊ
ಗುರುವಾರ, ನಾಲ್ಕಕ್ಕೇ ಕತ್ತಲಾದ ಮೇಲೆ,
ಬೂಟಿನ ಹಿಮ ಕೊಡವಿ ನನ್ನ ನೆಲಮಾಳಿಗೆಗೆ ಇಳಿಯುತ್ತಾನೆ.
ಅವನಿಗೆ ಐವತ್ತನಾಲ್ಕು. ಅವನ ಬೇಸ್ ಗಿಟಾರಿಗೆ ಅದಕ್ಕೂ ಹೆಚ್ಚು.
ಮೊದಲ ದಿನವೇ ಹೇಳಿದ:
"ಎಲ್ಲ ಬರುತ್ತೆ. ವೇಗ ಒಂದು ಬರಲ್ಲ."

ವೇಗದ ಮಾತು ಆಮೇಲೆ, ಕೈ ತೋರಿಸು ಅಂದೆ.
ಎಡಗೈ ಗಿಟಾರಿನ ಕತ್ತು ಹಿಡಿದಿತ್ತು
ಕೊಯ್ಯಲಿರುವ ಕೋಳಿಯದನ್ನು ಹಿಡಿದಂತೆ.
ಹೆಬ್ಬೆರಳು ಮೇಲಿಂದ ಇಣುಕುತ್ತಿತ್ತು,
ನೆರೆಮನೆಯ ಜಗಳಕ್ಕೆ ಕಾಂಪೌಂಡು ಹತ್ತಿದವರ ಹಾಗೆ.
ತೋರುಬೆರಳೂ ನಡುಬೆರಳೂ ಮನೆಯ ದುಡಿಯುವ ಮಕ್ಕಳು,
ಉಂಗುರದ್ದು ಕರೆದರೆ ಬರುತ್ತದೆ.
ಕಿರುಬೆರಳು ಮಾತ್ರ
ಒಂದಕ್ಕೆ ಬಿಡಿ ಸಾರ್ ಎನ್ನುವ ಹುಡುಗನಂತೆ
ನೆಟ್ಟಗೆ ನಿಂತಿತ್ತು,
ಹಾಡು ಮುಗಿಯುವ ತನಕ.

ಅದು ದುಡಿಯದ ಕಾರಣ ಇಡೀ ಕೈ ಓಡಾಡಬೇಕು,
ಸ್ವರಕ್ಕೂ ಸ್ವರಕ್ಕೂ ನಡುವೆ ಗೇಣುದ್ದ ಮೌನ.

ಹುಟ್ಟುಗುಣ, ಸುಟ್ಟರೂ ಹೋಗದು ಅಂದ.
ಗಿಟಾರು ಹಿಡಿದು ಯಾರೂ ಹುಟ್ಟಲ್ಲ ಇಲ್ಪೊ, ಅಂದೆ.
ಹೆಬ್ಬೆರಳನ್ನು ಹಿಂದಕ್ಕೆ ತಾ, ನಡುಬೆರಳಿನ ನೇರಕ್ಕೆ.
ಮಣಿಕಟ್ಟು ಮುರಿದಂತೆ ಬಾಗಿಸಬೇಡ.
ಒತ್ತಬೇಡ, ಮೊದಲು ಸುಮ್ಮನೆ ಮುಟ್ಟು.
ಇನ್ನು ತುಸು. ಮೆಟ್ಟಿನ ಮೇಲಲ್ಲ, ಬೆನ್ನಿಗೆ.
ತಂತಿ ಗೊರಗುಟ್ಟುವುದು ನಿಂತಿತಲ್ಲ,
ಅಷ್ಟು ಬಲ ಸಾಕು, ಉಳಿದದ್ದು ಕ್ರೇನಿಗಿರಲಿ.

ಮೆಟ್ರೊನೋಮಿಗೆ ನಲವತ್ತು. ಆಮೆಗೂ ಆಕಳಿಕೆ ಬರುವ ನಡಿಗೆ.
ಒಂದು, ಎರಡು, ನಾಲ್ಕು,
ಒಂದು, ಎರಡು,
ಎಲ್ಲಿ ನಾಲ್ಕು?
ಮೇಲೆ. ಆಕಾಶ ನೋಡುತ್ತಾ.

ಮೂರನೆಯ ವಾರ ಕರೆಂಟಿನ ಕಪ್ಪು ಟೇಪು ಸುತ್ತಿ
ಎರಡು ಬೆರಳು ಜೋಡಿಸಿಕೊಂಡು ಬಂದ.
ಕತ್ತರಿ ತಂದು ಬಿಡಿಸಿದೆ. ಕೂದಲೂ ಕಿತ್ತು ಬಂತು, ಬೈದ.
ಕಾಫಿ ಕೊಟ್ಟೆ. ಏಲಕ್ಕಿ ಬನ್ನು ಎರಡು ತಿಂದ.
ಲೋಟ ಹಿಡಿದಾಗಲೂ ಅದು ಎದ್ದೇ ಇತ್ತು.

ಜನವರಿಯಲ್ಲಿ ಒಂದು ಫೋಟೊ ತಂದ.
ಕೆರೆಯ ದಂಡೆ, ಬೇಸಿಗೆಯ ಕುಣಿತದ ಅಟ್ಟ, ಐದು ಜನರ ಬ್ಯಾಂಡು,
ಕೊನೆಗೆ ನಿಂತವನು ಸೋದರಮಾವ ಕಲೆರ್ವೊ.
ಅದೇ ಗಿಟಾರು. ಕೋಳಿಯ ಕತ್ತಿನ ಅದೇ ಹಿಡಿತ.
ಎಡಗೈಯಲ್ಲಿ ಎಣಿಸಿದೆ, ಮತ್ತೆ ಎಣಿಸಿದೆ.
ಉಂಗುರದ ಬೆರಳಿನ ಆಚೆ ಏನೂ ಇರಲಿಲ್ಲ.

"ಮರದ ಗಿರಣಿ," ಅಂದ ಇಲ್ಪೊ.
"ಹನ್ನೊಂದು ವರ್ಷದವನು ನಾನು, ಮುಂದೆ ಕೂತು
ಅವನು ಮಾಡಿದ್ದನ್ನೆಲ್ಲ ಹಾಗೇ ಮಾಡುತ್ತಿದ್ದೆ."

ಎಲ್ಲವನ್ನೂ.
ಇಲ್ಲದ್ದನ್ನೂ.
ದಾರಿಗೆ ಅಡ್ಡ ಬಾರದಂತೆ ತನ್ನ ಗಟ್ಟಿ ಬೆರಳನ್ನು ಎತ್ತಿ ಹಿಡಿದು
ನಲವತ್ತಮೂರು ವರ್ಷ.
ಮೂರು ತಿಂಗಳಿಂದ ನಾನು ಗದರಿದ್ದು ಯಾರನ್ನು?

ಗಿರಣಿ ಈಗಿಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ.
ಪಾಠ ನಿಲ್ಲಲಿಲ್ಲ. ಒಂದು, ಎರಡು, ನಾಲ್ಕು.
ಗದರುವುದು ಕಡಿಮೆ ಮಾಡಿದೆ, ಅಷ್ಟೇ,
ಅದೂ ಎಲ್ಲ ದಿನವಲ್ಲ.

ಮಾರ್ಚಿಯಲ್ಲಿ, ಬಂದರಿನ ಮಂಜುಗಡ್ಡೆ ಬಿರಿಯುತ್ತಿದ್ದ ವಾರ,
ಒಂದು ವಾಲ್ಟ್ಸ್ ಬಾರಿಸುತ್ತಿದ್ದ. ದಪ್ಪ ತಂತಿ, ಮೂರನೆಯ ಮೆಟ್ಟು.
ಕಿರುಬೆರಳು ತಾನಾಗಿ ಇಳಿದು ಬಂತು.
ಸ್ವರ ಬಡಕಲು, ಕೊಂಚ ತಡ,
ಆದರೂ ಅದರದೇ ಸ್ವರ.
ಇಲ್ಪೊ ಸರಕ್ಕನೆ ಕೈ ತೆಗೆದ, ಸೌನಾದ ಕಲ್ಲು ಮುಟ್ಟಿದವನಂತೆ.
ಬೆರಳು ನೋಡಿದ. ಬಾಗಿಲ ಕಡೆ ನೋಡಿದ.
ಮೆಟ್ರೊನೋಮು ಒಂದೇ ಮಾತಾಡುತ್ತಿತ್ತು.

"ಇದು ಮಾವನ ವಾಲ್ಟ್ಸು," ಅಂದ ಕೊನೆಗೆ,
"ಇದೊಂದನ್ನು ಹಳೆಯ ಥರವೇ ಬಾರಿಸಲೇ?"

ಬಾರಿಸು ಅಂದೆ.
ಕಿರುಬೆರಳು ಮತ್ತೆ ಎದ್ದು ನಿಂತು ಕೇಳಿತು.
ಹೋಗಿ ಬಾ.

ಮುಂದಿನ ವಾರ ಪಾಳಿ ಬದಲಂತೆ,
ಶುಕ್ರವಾರ ಬರುತ್ತಾನೆ.